ಎರಡಕ್ಕನ ಎರಡನೆಯ ಆಕರ

ಜನ ಜನರನ್ನು ಹೇಗೆಲ್ಲ ಕೊಲ್ಲುತ್ತಾರೆ ಎಂಬುದನ್ನು ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಓದಿಕೊಂಡಿದ್ದವಳು, ಜಿರಲೆ ಕಂಡರೆ ಕುರ್ಚಿ ಹತ್ತಿ ನಿಲ್ಲುವ ಒಬ್ಬ ಹೆಂಗಸು. ದೊಡ್ಡ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ರಟ್ಟು ಕಟ್ಟಿದ ಹಳೆಯ ಪತ್ರಿಕೆಗಳ ಕಪಾಟಿಗೂ ಗೊರಗೊರ ಎನ್ನುವ ಫ್ಯಾನಿಗೂ ನಡುವೆ ಅವಳ ಮೇಜು. ಬಸ್ಸಿನ ಸೀಟಿನಡಿ ಇಟ್ಟ ಬಾಂಬು, ಸಂತೆಗೆ ಹೊರಟವರ ಮೇಲೆ ಹಾರಿಸಿದ ಗುಂಡು, ಶಾಲೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದು ಹಚ್ಚಿದ ಬೆಂಕಿ, ಇವೇ ಅವಳ ದಿನದ ಕೆಲಸ. ಬೆಳಿಗ್ಗೆ ಬಂದು ಕನ್ನಡಕ ಒರೆಸಿಕೊಂಡು ಕೂತರೆ ಮಧ್ಯಾಹ್ನದವರೆಗೆ ಹೆಣಗಳ ನಡುವೆ ಓಡಾಡಿ, ಆಮೇಲೆ ಅದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಉಣ್ಣುವಳು. ಇದನ್ನೆಲ್ಲ ಓದಿ ಅನ್ನ ಹೇಗೆ ಸೇರುತ್ತದೆ ಎಂದು ಕೇಳಿದವರಿಗೆ, "ಅಡುಗೆ ಮಾಡಿದ್ದು ನಮ್ಮಮ್ಮ, ಭಯೋತ್ಪಾದಕರಲ್ಲ" ಎನ್ನುವಳು.

ಭಯೋತ್ಪಾದನೆಯ ಮೇಲೆ ಸಂಶೋಧನೆ ಮಾಡುವವರು, ಪ್ರಬಂಧ ಬರೆಯುವ ಹುಡುಗಿಯರು, ಆಗೀಗ ಒಬ್ಬ ವಕೀಲ, ಎಲ್ಲರೂ ಅವಳ ಮೆಟ್ಟಿಲು ಹತ್ತಿಯೇ ಬರಬೇಕಿತ್ತು. ಗ್ರಂಥಾಲಯದ ಜಾಲತಾಣದಲ್ಲಿ ಅವಳು ನಡೆಸುತ್ತಿದ್ದ ಒಂದು ಪುಟವಿತ್ತು: 'ಭಯೋತ್ಪಾದನೆ: ನಂಬಬಹುದಾದ ಆಕರಗಳು'. ಸುದ್ದಿ ಮೊದಲು ಯಾರ ಬಾಯಿಂದ, ಯಾವ ಕಾಗದದಿಂದ ಹುಟ್ಟಿತೋ ಅದಕ್ಕೆ ಅವರ ಕಸುಬಿನಲ್ಲಿ ಆಕರ ಎನ್ನುತ್ತಾರೆ. ಯಾವುದೇ ದಾಳಿ ಆ ಪುಟ ಸೇರಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಕರ ಬೇಕು. ದೂರದೂರದ ಪ್ರಾಧ್ಯಾಪಕರು ಆ ಪುಟವನ್ನು ನೋಡಿ ಬರೆಯುತ್ತಿದ್ದರು. ಅಲ್ಲಿದ್ದರೆ ನಡೆದದ್ದು, ಅಲ್ಲಿಲ್ಲದಿದ್ದರೆ ಗಾಳಿಮಾತು, ಅಷ್ಟು ಹೆಸರಾಗಿತ್ತು.

ಎರಡು ಬೇಕು, ಎರಡು ಬೇಕು ಎಂದು ಕಂಡವರ ತಲೆ ತಿಂದು ತಿಂದು ಅವಳಿಗೆ ಎರಡಕ್ಕ ಎಂದೇ ಹೆಸರು ಬಿತ್ತು. ಹೆಸರಿಟ್ಟವನು ಅವಳ ತಮ್ಮ. ತರಕಾರಿ ಮಾರುಕಟ್ಟೆಯ ಗೇಟಿನ ಬಳಿ ಬೀಗದ ಕೈ ಮಾಡಿಕೊಡುವ ಗೂಡಂಗಡಿ ಅವನದು. "ನಾನು ಉಂಡೆ ಅಂದ್ರೆ ನಂಬಲ್ಲ, ಹೋಗಿ ಅಮ್ಮನ್ನೂ ಕೇಳ್ತಾಳೆ. ನಾನು ಹುಟ್ಟಿದ್ದಕ್ಕೂ ಇವಳಿಗೆ ಎರಡು ಆಕರ ಬೇಕು" ಎಂದು ಅವನು ಊರೆಲ್ಲ ಆಡಿಕೊಂಡು ನಗುತ್ತಿದ್ದ. ಮದುವೆಯಾಗದ ಅಕ್ಕ, ಮದುವೆಗೆ ಅವಸರವಿಲ್ಲದ ತಮ್ಮ, ಇಬ್ಬರನ್ನೂ ಬೈದುಕೊಂಡೇ ಅನ್ನ ಬಡಿಸುವ ಅಮ್ಮ. ಆ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ.

ಎರಡು ಬೇಕು ಎನ್ನುವುದು ಬರಿಯ ಹಟ ಎಂದುಕೊಂಡವರು ಮೂರ್ಖರು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಊರಿನ ಜನ ಒಬ್ಬ ಹಾಲು ಮಾರುವವನನ್ನು ದೀಪದ ಕಂಬಕ್ಕೆ ಕಟ್ಟಿ, ಹಾಲಿನ ಕ್ಯಾನಿನಿಂದಲೇ ತಲೆಗೆ ಬಡಿದು ಕೊಂದಿದ್ದರು. ಕ್ಯಾನಿನಲ್ಲಿ ಬಾಂಬು ಸಾಗಿಸುತ್ತಾನಂತೆ ಎಂಬ ಸುದ್ದಿ. ಎಲ್ಲ ಕಡೆ ಬಂದಿತ್ತು, ಎಲ್ಲರೂ ಓದಿದ್ದರು. ಅದರ ಬೆನ್ನು ಹತ್ತಿ ಹಿಂದೆ ಹಿಂದೆ ಹೋದ ಎರಡಕ್ಕನಿಗೆ ಕೊನೆಗೆ ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಒಬ್ಬ ಮಾತುಗಾರ. ಅವನ ಬಾಯಿ ಬಿಟ್ಟರೆ ಬೇರೆ ಯಾವ ಆಧಾರವೂ ಇರಲಿಲ್ಲ. ಅವತ್ತೇ ಅವಳು ಆ ನಿಯಮ ಮಾಡಿದ್ದು.

ಬಂದವರಿಗೆ ಪಾಠ ಮಾಡುವಾಗ ಅವಳ ನಾಲಿಗೆಗೆ ಲಂಗುಲಗಾಮು ಇರುತ್ತಿರಲಿಲ್ಲ. "ಐದು ವೆಬ್‌ಸೈಟಲ್ಲಿ ಇದೆ ಅಂದ್ಯಲ್ಲ, ಐದೂ ಓದಿದ್ಯಾ? ಸತ್ತ ಮುದುಕಿಗೆ ಐದರಲ್ಲೂ ಹದಿನೇಳು ವರ್ಷ ಅಂತ ಇದೆ ನೋಡು. ಒಬ್ಬ ತಪ್ಪು ಒತ್ತಿದ, ಉಳಿದೋರು ಕಣ್ಮುಚ್ಚಿ ಎತ್ಕೊಂಡ್ರು. ಇದು ಐದಲ್ಲಮ್ಮ, ಒಂದೇ. ಬರ್ದೋನು ಅಲ್ಲಿದ್ನಾ? ಅವನಿಗೆ ಹೇಳಿದೋರು ಯಾರು? ಆ ಹೇಳಿದೋರಿಗೆ ಅದರಿಂದ ಏನು ಲಾಭ? ಆಮೇಲೆ ತಪ್ಪಾಯ್ತು ಅಂತ ಎಲ್ಲಾದ್ರೂ ತಿದ್ದಿದಾನಾ? ಇಷ್ಟು ಕೇಳ್ಕೊ. ಕೋರ್ಟಿನ ತೀರ್ಪು ಓದು. ಕೆಳಗಡೆ ಕಪಾಟಲ್ಲಿ ಡಾಕ್ಟರುಗಳ ಪತ್ರಿಕೆ ಇದೆ, ಗಾಯ ಹೇಗಾಗಿತ್ತು ಅಂತ ಅವರು ಬರ್ದಿರ್ತಾರೆ. ಎದ್ದೇಳು, ಸ್ವಲ್ಪ ಧೂಳು ಕುಡಿ." ಬೈಸಿಕೊಂಡ ಹುಡುಗಿಯರು ಮುಖ ಊದಿಸಿಕೊಂಡು ಹೋಗಿ, ಕೆಲಸ ಮುಗಿದ ಮೇಲೆ ಅವಳಿಗೇ ಧನ್ಯವಾದ ಬರೆಯುತ್ತಿದ್ದರು.

ಅವಳ ಈ ಎರಡರ ಲೆಕ್ಕಕ್ಕೆ ತಲೆ ಚಚ್ಚಿಕೊಂಡವರಲ್ಲಿ ಚಪ್ಪಲಿ ಅಂಗಡಿಯ ಯಜಮಾನನೊಬ್ಬ. ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಸ್ಫೋಟವಾಗಿ ಅವನ ಹೆಂಡತಿ ಸತ್ತಿದ್ದಳು. ಗ್ಯಾಸ್ ಸಿಲಿಂಡರ್ ಸಿಡಿಯಿತು ಎಂದು ಸರಕಾರ ಹೇಳಿತು, ಪತ್ರಿಕೆಗಳು ಅದನ್ನೇ ಬರೆದವು. ಆತ ಮಾತ್ರ ಬಾಂಬು ಎನ್ನುತ್ತಿದ್ದ. ತಿಂಗಳಿಗೊಮ್ಮೆಯಾದರೂ ಮೆಟ್ಟಿಲು ಹತ್ತಿ ಬಂದು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂರುತ್ತಿದ್ದ.

"ನಿಮ್ಮ ಪುಟದಲ್ಲಿ ಅವಳದ್ದೊಂದು ಸಾಲು ಹಾಕಿಯಮ್ಮ. ನಾನು ಪಕ್ಕದಲ್ಲೇ ಇದ್ದೆ. ನೋಡಿದೀನಿ."

"ನೀವು ಆಕರ ಅಲ್ಲ ಯಜಮಾನ್ರೇ. ಅವರ ಗಂಡ. ಎರಡು ಬೇಕು ನಂಗೆ."

ಒಂದು ದಿನ ಆತ ಎದ್ದು ನಿಂತು, ಅಂಗಿ ಎತ್ತಿ ಬೆನ್ನು ತೋರಿಸಿದ. ಸೊಂಟದಿಂದ ಹೆಗಲವರೆಗೆ ಚರ್ಮ ತೂತುತೂತಾಗಿ ಬೆಳ್ಳಗೆ ಮುಚ್ಚಿಕೊಂಡಿತ್ತು. "ಮೊಳೆ ಕಣಮ್ಮ ಇವು. ಅವಳ ಕತ್ತಲ್ಲೂ ಇತ್ತು, ಕಣ್ಣಲ್ಲೂ ಇತ್ತು. ಒಂದನ್ನ ನಾನೇ ಕೈಯಿಂದ ಎಳೆದೆ, ರಕ್ತ ಚಿಲ್ ಅಂತ ಮುಖಕ್ಕೆ ಹಾರ್ತು. ಸಿಲಿಂಡರಲ್ಲಿ ಮೊಳೆ ತುಂಬಿ ಮಾರ್ತಾರಾ? ಹೇಳಿ, ಮಾರ್ತಾರಾ?" ಕೂಗಿದ ರಭಸಕ್ಕೆ ಮೇಜಿನ ಮೇಲಿದ್ದ ಚಹಾದ ಗ್ಲಾಸು ಉರುಳಿ ಚೂರಾಯಿತು. ಎರಡಕ್ಕ ಪೊರಕೆ ತಂದು ಚೂರು ಗುಡಿಸಿದಳು, ಇನ್ನೊಂದು ಗ್ಲಾಸು ಚಹಾ ತರಿಸಿಕೊಟ್ಟಳು. ಸಾಲು ಮಾತ್ರ ಹಾಕಲಿಲ್ಲ. ಅವನ ಮಾತು ನಿಜ ಎಂದು ಅವಳಿಗೆ ಆ ಬೆನ್ನು ಕಂಡ ಕೂಡಲೇ ಗೊತ್ತಾಗಿತ್ತು. ಗೊತ್ತಿರುವುದಕ್ಕೂ ಆಧಾರವಿರುವುದಕ್ಕೂ ನಡುವೆ ಹಾಲಿನವನ ಹೆಣ ಬಿದ್ದಿತ್ತು, ಅದನ್ನು ದಾಟಲು ಅವಳಿಗೆ ಧೈರ್ಯವಿರಲಿಲ್ಲ.

ಮಾರುಕಟ್ಟೆಯಲ್ಲಿ ಸ್ಫೋಟವಾದ ದಿನ ಬೆಳಿಗ್ಗೆ ತಮ್ಮ ಅವಳ ಮೇಜಿನವರೆಗೆ ಬಂದು ಹೋಗಿದ್ದ. ಅವಳು ಮನೆಯಲ್ಲಿ ಮರೆತ ಕನ್ನಡಕ ಕೊಡಲು ಬಂದವನು, "ನೀನು ಮರ್ತಿದೀಯ ಅಂತ ಅಮ್ಮನೂ ಹೇಳಿದ್ರು, ನಾನೂ ನೋಡ್ದೆ. ಎರಡಾಯ್ತಲ್ಲ?" ಎಂದು ಅಣಕಿಸಿ, ಅವಳು ಎಸೆದ ರಬ್ಬರಿನಿಂದ ತಪ್ಪಿಸಿಕೊಂಡು ಮೆಟ್ಟಿಲಿಳಿದ. ಊಟದ ಹೊತ್ತಿಗೆ ಕಿಟಕಿಯ ಗಾಜು ಗಡಗಡ ನಡುಗಿತು. ಕಪಾಟುಗಳ ಮೇಲಿನ ಧೂಳು ಒಂದೇ ಸಲ ಕೆಳಗಿಳಿಯಿತು. ಅಭ್ಯಾಸಬಲದಿಂದ ಅವಳು ಮೊದಲು ಗಡಿಯಾರ ನೋಡಿದಳು, ಹೊತ್ತು ಗುರುತು ಹಾಕಿಕೊಳ್ಳಲು. ಮಾರುಕಟ್ಟೆ ಇರುವುದು ಅದೇ ದಿಕ್ಕಿಗೆ ಎಂದು ಆಮೇಲೆ ಹೊಳೆಯಿತು. ತಾನು ಮೊದಲು ಗಡಿಯಾರ ನೋಡಿದ್ದಕ್ಕೆ ಅವಳು ಸಾಯುವವರೆಗೂ ತನ್ನನ್ನು ಬೈದುಕೊಳ್ಳುತ್ತಾಳೆ.

ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಗೇಟಿನ ಕಮಾನು ವಾಲಿತ್ತು. ಟೊಮೆಟೊ ಯಾವುದು ಮಾಂಸ ಯಾವುದು ತಿಳಿಯದ ಹಾಗೆ ನೆಲವೆಲ್ಲ ಕೆಂಪು ಕೆಸರು. ಒಬ್ಬಳು ತನ್ನದೇ ಕರುಳನ್ನು ಸೆರಗಿನಲ್ಲಿ ಹಿಡಿದುಕೊಂಡು, ಯಾರಾದರೂ ಬುಟ್ಟಿ ಹಿಡ್ಕೊಳ್ಳಿ ಎನ್ನುವ ದನಿಯಲ್ಲಿ ಮೆಲ್ಲಗೆ ಕರೆಯುತ್ತಿದ್ದಳು. ಒಂದು ಕೈ ತಕ್ಕಡಿಯ ತಟ್ಟೆಯಲ್ಲಿ ಬಿದ್ದಿತ್ತು. ಎಲ್ಲಿ ಕಾಲಿಟ್ಟರೂ ಬೀಗದ ಕೈಗಳು, ನೂರಾರು, ಬಿಸಿಬಿಸಿಯಾಗಿ ಅವಳ ಬರಿಗಾಲನ್ನು ಸುಡುತ್ತಿದ್ದವು. ಅವುಗಳ ಜಾಡು ಹಿಡಿದೇ ಅವಳು ತಮ್ಮನ ಗೂಡಂಗಡಿ ಇದ್ದ ಜಾಗ ಕಂಡುಕೊಂಡಳು.

ತಗಡಿನಡಿಯಿಂದ ತಮ್ಮನನ್ನು ಆಗಲೇ ಯಾರೋ ಒಬ್ಬ ಎಳೆದು ಮಲಗಿಸಿ, ತನ್ನ ಮೈಮೇಲಿನ ಅಂಗಿ ಬಿಚ್ಚಿ ಅವನ ಮುಖಕ್ಕೆ ಹೊದಿಸಿ ಬಗ್ಗಿ ಕೂತಿದ್ದ. ಆ ತೂತುತೂತು ಬೆನ್ನು ಅವಳಿಗೆ ಪರಿಚಯವಿತ್ತು. ಹೆಂಡತಿ ಹೋದಂದಿನಿಂದ ಊರಿನಲ್ಲಿ ಎಲ್ಲಿ ಢಂ ಎಂದರೂ ಚಪ್ಪಲಿ ಅಂಗಡಿಯ ಯಜಮಾನ ಅಂಗಡಿ ಹಾಗೇ ಬಿಟ್ಟು ಓಡಿಬರುತ್ತಿದ್ದ.

"ಅಂಗಿ ತೆಗೀಬೇಡಿ ತಾಯಿ" ಎಂದ. ಅವಳು ತೆಗೆದಳು. ತಮ್ಮನ ಮುಖದ ಒಂದು ಪಾಲು ಇತ್ತು, ಇನ್ನೊಂದು ಪಾಲು ಇರಲಿಲ್ಲ. ಇದ್ದ ಪಾಲು ಬೆಳಿಗ್ಗೆಯ ಹಾಗೇ ಇತ್ತು.

ಆತ ಕರ್ಚೀಫಿನಲ್ಲಿ ಸುತ್ತಿದ್ದ ಏನನ್ನೋ ಅವಳ ಮುಷ್ಟಿಯೊಳಗಿಟ್ಟ. "ಎದೆಯಿಂದ ಬಂತು. ಬೀಗದ ಕೈಗೆ ಇಂಥ ತುದಿ ಇರುತ್ತಾ, ನೀವೇ ನೋಡಿ." ಒಂದು ಮೊಳೆ. ಬೆರಳುದ್ದ, ಚೂಪು, ಅಂಟಂಟು.

ಮಾರನೆಯ ದಿನ ಸರಕಾರದ ಹೇಳಿಕೆ ಬಂತು. ಗೇಟಿನ ಬಳಿಯ ಚಹಾದಂಗಡಿಯಲ್ಲಿ ಸಿಲಿಂಡರ್ ಸಿಡಿದಿದೆ, ಪಕ್ಕದ ಬೀಗದ ಕೈ ಅಂಗಡಿಯ ಲೋಹದ ಚೂರುಗಳು ಹಾರಿ ಹೆಚ್ಚು ಸಾವಾಗಿದೆ. ತಮ್ಮ ಸತ್ತಿದ್ದಲ್ಲದೆ ಉಳಿದವರನ್ನು ಕೊಂದವನೂ ಅವನೇ ಎಂಬಂತಾಯಿತು.

ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಅವಳು ಕೆಲಸಕ್ಕೆ ಹಾಜರಾದಳು. ಪುಟದಲ್ಲಿ ಆ ದಿನದ್ದನ್ನು ಹಾಕಬೇಕಿತ್ತು. ಮುಖ್ಯ ಗ್ರಂಥಪಾಲಕರು, ಅವಳು ಸರ್ ಎನ್ನುವ ಒಳ್ಳೆಯ ಮುದುಕ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಬಾಂಬು ಸರ್. ಮೊಳೆ ನನ್ನ ಹತ್ರ ಇದೆ. ತಮ್ಮನ ಎದೆಯಿಂದ ತೆಗ್ದಿದ್ದು."

"ಬರೆದಿರೋದು ಎಲ್ಲಿದೆಯಮ್ಮ?"

"ನಾನು ನೋಡಿದೀನಿ."

ಅವರು ಕನ್ನಡಕ ತೆಗೆದರು. "ನೀನು ಆಕರ ಅಲ್ಲಮ್ಮ. ಅವನ ಅಕ್ಕ. ಈ ನಿಯಮ ಮಾಡಿದ್ದು ನೀನೇ."

ಅವಳು ಎದುರಿದ್ದ ದಪ್ಪ ಸಂಪುಟವನ್ನು ಎತ್ತಿ ಗೋಡೆಗೆ ಬೀಸಿದಳು. ರಟ್ಟು ಹರಿದು ಒಂದು ಇಡೀ ವರ್ಷದ ಪತ್ರಿಕೆ ನೆಲದ ಮೇಲೆ ಹರಡಿತು. ಕಪಾಟಿಗೆ ಒದ್ದಳು, ಕಾಲಿನ ಉಗುರು ಕಿತ್ತು ರಕ್ತ ಸುರಿಯಿತು. ಕೈಗೆ ಸಿಕ್ಕಿದ್ದರೆ ಆ ಮುದುಕನನ್ನೂ ಹೊಡೆಯುತ್ತಿದ್ದಳೇನೋ, ಅವಳಿಗೇ ತನ್ನ ಮೇಲೆ ನಂಬಿಕೆ ಇರಲಿಲ್ಲ. ಅವರು ಬಗ್ಗಿ ಹಾಳೆ ಆಯತೊಡಗಿದರು.

ಒಂದು ಸುಳ್ಳು ಎರಡು ಸತ್ಯವಾಗುವುದು ಹೇಗೆ ಎಂಬುದು ಈ ಊರಿನಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ವರ್ಷಗಟ್ಟಲೆ ಹಿಡಿದದ್ದೇ ಅದನ್ನು. ಹಾಗಾದರೆ ಒಂದು ನಿಜವನ್ನು ಎರಡು ಮಾಡಿದರೆ ತಪ್ಪೇನು? ಅವಳಿಗೆ ಬೇಕಾದ್ದು ತಮ್ಮನ ತಲೆಯ ಮೇಲಿನ ಆ ಕೊಲೆಪಾತಕ ಇಳಿಯುವುದು, ಅಷ್ಟೇ. ಆ ಸಂಜೆ ಮೆಟ್ಟಿಲ ಮೇಲೆ ಕೂತು, ಹಿಂದೆ ಎಷ್ಟೋ ಸಲ ಅವಳಿಂದ ಬೈಸಿಕೊಂಡಿದ್ದ ಒಬ್ಬ ವರದಿಗಾರನಿಗೆ ಫೋನು ಮಾಡಿದಳು. ಅವನು ಕೇಳಿದ್ದು ಕೇಳಿದ ಹಾಗೆ ಹಾಕಿಬಿಡುವ ಆಸಾಮಿ, ಅವನು ಹಾಕಿದ್ದನ್ನು ಇನ್ನೊಂದು ತಾಣ ಗಂಟೆಯೊಳಗೆ ಎತ್ತಿಕೊಳ್ಳುತ್ತದೆ. ಗೊತ್ತಿದ್ದೇ ಮಾಡಿದಳು.

"ಎರಡಕ್ಕ ಹೇಳಿದ್ಮೇಲೆ ಇನ್ನೇನು ಬೇಕು! ಹೇಳಿ ಹೇಳಿ" ಎಂದ ಅವನು.

ಬಾಂಬು ಎಂದಳು. ಮೊಳೆ ಎಂದಳು. ಬಸ್ ನಿಲ್ದಾಣದಲ್ಲೂ ಇಂಥದ್ದೇ ಮೊಳೆ ಇತ್ತು ಎಂದಳು. ಅದು ನಿಮಗೆ ಹೇಗೆ ಗೊತ್ತು ಎಂದು ಅವನು ಕೇಳಿದ್ದಕ್ಕೆ, "ಎರಡು ಕಡೆಯೂ ಇದ್ದೋರು ಒಬ್ಬರಿದ್ದಾರೆ, ಚಪ್ಪಲಿ ಅಂಗಡಿ ಇಟ್ಕೊಂಡಿದಾರೆ, ಅವರು ನೋಡಿದಾರೆ" ಎಂದುಬಿಟ್ಟಳು. ಸಾಕ್ಷಿಯ ಗುರುತು ಬಿಡಬಾರದು ಎಂದು ಊರಿಗೆಲ್ಲ ಹೇಳಿಕೊಡುತ್ತಿದ್ದವಳ ಬಾಯಿ ಅವತ್ತು ಸುಮ್ಮನಿರಲಿಲ್ಲ.

ಬೆಳಗಾಗುವುದರೊಳಗೆ ಎರಡು ಕಡೆ ಬಂತು. ಬಾಂಬೇ ಹೌದು, ಗ್ರಂಥಾಲಯದ ತಜ್ಞೆಯ ಖಚಿತ ನುಡಿ. ಎರಡೂ ಸ್ಫೋಟಕ್ಕೆ ಒಂದೇ ಬಗೆಯ ಮೊಳೆ. ಎರಡೂ ಕಡೆ ಹಾಜರಿದ್ದ ಚಪ್ಪಲಿ ಅಂಗಡಿಯವನು ಯಾರು? ವರದಿಗಾರ ಸುಳ್ಳನ್ನೇನೂ ಬರೆದಿರಲಿಲ್ಲ. ಒಂದು ಪ್ರಶ್ನೆ ಹಾಕಿದ್ದ, ಅಷ್ಟೇ. ಎರಡಕ್ಕ ಬಸ್ಸಿನಲ್ಲಿ ನಿಂತುಕೊಂಡು ಅದನ್ನು ಓದಿದಳು. ಆ ಪ್ರಶ್ನೆ ಕಂಡದ್ದೇ, ಮುಂದಿನ ನಿಲ್ದಾಣಕ್ಕೂ ಕಾಯದೆ ಬಸ್ಸಿನ ಬಾಗಿಲು ಬಡಿದು ಇಳಿದು ಓಡಿದಳು.

ಅವಳು ಮುಟ್ಟುವಾಗ ಅಂಗಡಿಯ ಗಾಜು ಪುಡಿಯಾಗಿತ್ತು. ರಸ್ತೆಯ ತುಂಬ ಜೋಡಿ ತಪ್ಪಿದ ಹೊಸ ಚಪ್ಪಲಿಗಳು. ಹರಿದ ಚಪ್ಪಲಿ ರಿಪೇರಿ ಮಾಡುವ ಮೂಲೆಯಿಂದ ಒಬ್ಬ ಒಂದು ಡಬ್ಬಿ ಎತ್ತಿ ಹಿಡಿದು, "ಮೊಳೆ ಸಿಕ್ತು! ಮೊಳೆ ಸಿಕ್ತು!" ಎಂದು ಕುಣಿಯುತ್ತಿದ್ದ. ಚಪ್ಪಲಿ ಅಂಗಡಿಯಲ್ಲಿ ಮೊಳೆ ಸಿಗದೆ ಮುತ್ತು ಸಿಗುತ್ತದೆಯೇ? ಹಾಗೆ ಕೇಳುವ ಒಂದು ತಲೆಯೂ ಆ ಗುಂಪಿನಲ್ಲಿರಲಿಲ್ಲ. ಯಜಮಾನನನ್ನು ಕಾಲು ಹಿಡಿದು ಹೊರಗೆಳೆದರು. ಚಪ್ಪಲಿ ಹೊಲಿಯುವ ಮರದ ಅಚ್ಚಿನಿಂದ ದವಡೆಗೆ ಹೊಡೆದರು, ಹಲ್ಲು ಉದುರಿದ ಸದ್ದು ಅವಳಿಗೆ ಕೇಳಿತು. ಇಬ್ಬರು ಅವನ ಕೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದರು, ಮೂರನೆಯವನು ಸುತ್ತಿಗೆಯಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ಡಬ್ಬಿ ಹಿಡಿದವನು ಅವನ ಬಾಯಿ ಅಗಲಿಸಿ ಮುಷ್ಟಿ ಮುಷ್ಟಿ ಮೊಳೆ ತುರುಕಿ, "ನುಂಗೋ, ನಿನ್ನ ಮೊಳೆ ನೀನೇ ನುಂಗು" ಎಂದು ಗಲ್ಲಕ್ಕೆ ಒದೆಯತೊಡಗಿದ.

"ಬಿಡ್ರೋ! ಅವರಲ್ಲ! ಹೇಳಿದ್ದು ನಾನು!" ಎರಡಕ್ಕ ಕಿರುಚುತ್ತ ನುಗ್ಗಿದಳು. ಯಾರದೋ ಮೊಣಕೈ ಮೂಗಿಗೆ ಬಡಿಯಿತು. ರಕ್ತ ಬಾಯಿಗಿಳಿಯುತ್ತಿದ್ದರೂ ಒಬ್ಬನ ಅಂಗಿ ಹಿಡಿದು ಜಗ್ಗಿದಳು. "ಸುಳ್ಳು ಕಣೋ ಅದು, ಆಧಾರ ಇಲ್ಲ!"

ಅವನು ಫೋನನ್ನು ಅವಳ ಕಣ್ಣಿಗೆ ಹಿಡಿದ. "ಎರಡು ಕಡೆ ಬಂದಿದೆ ನೋಡಮ್ಮಾ! ಎರಡು ಕಡೆ! ಓದೋಕೆ ಬರಲ್ವಾ ನಿಂಗೆ?" ಎಂದು ಅವಳನ್ನು ಚರಂಡಿಗೆ ನೂಕಿದ.

ಪೊಲೀಸರು ಬಂದಾಗ ಯಜಮಾನನಲ್ಲಿ ಉಸಿರಿತ್ತು. ಆಸ್ಪತ್ರೆಯ ಮಂಚದ ಸರಳಿಗೆ ಅವನ ಒಂದು ಕಾಲನ್ನು ಬೇಡಿ ಹಾಕಿ ಬಿಗಿದಿದ್ದರು. ನಾಲಿಗೆಗೆ ಹೊಲಿಗೆ, ಒಂದು ಕಣ್ಣು ಹೋಗಿತ್ತು. ಅವಳನ್ನು ಕಂಡು ಇನ್ನೊಂದು ಕಣ್ಣು ಅರಳಿತು. ತುಂಬ ಹೊತ್ತು ತಿಣುಕಿ ಮಾತು ಹೊರಡಿಸಿದ.

"ಎರಡು... ಕಡೆ ಬಂತಂತೆ. ಈಗ... ನನ್ನವಳದ್ದು ಹಾಕಿದ್ರಾ?"

ಹೊಡೆದವರ ಮೇಲೆ ಒಂದು ಮಾತಿಲ್ಲ, ಕಣ್ಣು ಹೋದದ್ದರ ಮೇಲೆ ಒಂದು ಮಾತಿಲ್ಲ. ಎರಡಕ್ಕ ಮಂಚದ ಅಂಚು ಹಿಡಿದುಕೊಂಡಳು.

"ಯಜಮಾನ್ರೇ, ಎರಡೂ ನಾನೇ. ಫೋನ್ ಮಾಡಿ ಹೇಳಿದ್ದು ನಾನು. ನಿಮ್ಮ ಅಂಗಡಿ ವಿಷಯ ಹೇಳಿದ್ದೂ ನಾನೇ."

ಆತ ಅವಳನ್ನೇ ನೋಡಿದ, ಆಮೇಲೆ ಸೂರು ನೋಡಿದ. ಅವನು ಕೆನ್ನೆಗೆ ಹೊಡೆದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. ಅವಳನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಬೈಯದೆ, ದಿನಸಿಯವನು ಸಾಮಾನಿನ ಬೆಲೆ ಹೇಳುವ ದನಿಯಲ್ಲಿ ಹೇಳಿದ: "ಹೊರಗೆ ಜನ ಸೇರಿದಾರೆ, ನೋಡಿದ್ರಲ್ಲ. ಬಾಂಬು ಅಂತಾದ್ರೆ ಇಟ್ಟೋನು ಬೇಕು. ಇಟ್ಟೋನು ಅಂದ್ರೆ ಇವನೇ, ಇವತ್ತಲ್ಲ ನಾಳೆ ಇಲ್ಲಿಂದ ಎಳ್ಕೊಂಡು ಹೋಗಿ ಸುಡ್ತಾರೆ. ನಾನು ತಡೆಯೋಕಾಗಲ್ಲ. ಬಾಂಬೇ ಇಲ್ಲ ಅಂದ್ರೆ ಇಟ್ಟೋನೂ ಇಲ್ಲ. ನೀವು ಹೇಳಿದ್ದು ಸುಳ್ಳು, ಎರಡು ಕಡೆಯೂ ಸಿಡಿದಿದ್ದು ಸಿಲಿಂಡರೇ ಅಂತ ಬರ್ಕೊಟ್ರೆ ಇವತ್ತೇ ಬೇಡಿ ತೆಗೀತೀನಿ. ಯೋಚ್ನೆ ಮಾಡಿ."

"ಮೊಳೆ ಇದೆ ನನ್ನ ಹತ್ರ."

"ಅದನ್ನೂ ಕೊಟ್ಟು ಹೋಗಿ."

ಯೋಚಿಸಲು ಏನಿತ್ತು? ಒಳಗೆ ಉಸಿರಾಡುತ್ತಿದ್ದವನು ಒಬ್ಬ, ಮಣ್ಣಿನಲ್ಲಿ ಮಲಗಿದ್ದವನು ಇನ್ನೊಬ್ಬ. ಕಾಗದವನ್ನು ಎಡಗೈಯಿಂದ ಒತ್ತಿ ಹಿಡಿದು ಬರೆದಳು. ನಾನು ದುಃಖದಲ್ಲಿ ಆಧಾರವಿಲ್ಲದ ಮಾತು ಹೇಳಿದೆ. ಬಸ್ ನಿಲ್ದಾಣದಲ್ಲೂ ಮಾರುಕಟ್ಟೆಯಲ್ಲೂ ಬಾಂಬು ಇರಲಿಲ್ಲ, ಸಿಡಿದದ್ದು ಸಿಲಿಂಡರೇ. ಬೀಗದ ಕೈ ಚೂರುಗಳು ಹಾರಿ ಸಾವಾಗಿದೆ. ಹೀಗೆ ಬರೆದು ತಮ್ಮನ ತಲೆಯ ಮೇಲೆ ಆ ಹೆಣಗಳನ್ನೆಲ್ಲ ತಾನೇ ಕೈಯಾರೆ ಹೊರಿಸಿ ರುಜು ಹಾಕಿದಳು. ಕರ್ಚೀಫಿನ ಗಂಟನ್ನು ಇನ್‌ಸ್ಪೆಕ್ಟರ್ ಬಿಚ್ಚಿಯೂ ನೋಡದೆ ಜೇಬಿಗೆ ಹಾಕಿಕೊಂಡ.

"ಒಂದು ಸಾಲದು. ಎರಡು ಬೇಕು" ಎಂದ ಅವನು. "ಅವನದ್ದೂ ಹಾಕ್ಸಿ."

ಕಾಗದ ಹಿಡಿದು ಅವಳು ಮತ್ತೆ ಮಂಚದ ಬಳಿ ಹೋದಳು. ಓದಿ ಹೇಳಿದಳು. ಹೆಂಡತಿಯ ಸಾವಿನ ಸಾಲು ಬಂದಾಗ ಯಜಮಾನನ ಗಂಟಲಿನಿಂದ ಏನೋ ಸದ್ದು ಹೊರಟಿತು, ಅಳುವೂ ಅಲ್ಲ ಮಾತೂ ಅಲ್ಲ.

"ನೀವು... ಹಾಕಿದ್ರಾ?"

"ಹಾಕಿದೆ."

"ತಮ್ಮನ್ನ... ಬಿಟ್ಕೊಟ್ರಾ?"

"ಬಿಟ್ಕೊಟ್ಟೆ."

ಜಜ್ಜಿಹೋದ ಕೈಗೆ ಸುತ್ತಿದ ಪಟ್ಟಿಯಿಂದ ಹೆಬ್ಬೆರಳು ಮಾತ್ರ ಹೊರಗಿತ್ತು. ಆತ ಅದನ್ನು ಮುಂದೆ ಚಾಚಿದ. ಎರಡಕ್ಕ ಶಾಯಿ ಹಚ್ಚಿ, ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವ ಹಾಗೆ ಕಾಗದಕ್ಕೆ ಒತ್ತಿದಳು. ನಡೆದದ್ದನ್ನು ಕಣ್ಣಾರೆ ಕಂಡಿದ್ದ ಇಬ್ಬರೂ ಅದು ನಡೆಯಲಿಲ್ಲವೆಂದು ಒಂದೇ ಕಾಗದದ ಮೇಲೆ ಬರೆದುಕೊಟ್ಟಿದ್ದರು. ಅವಳ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಆಕರ ಆವರೆಗೆ ಸಿಕ್ಕಿರಲಿಲ್ಲ.

ಮಧ್ಯಾಹ್ನದ ಸುದ್ದಿಯಲ್ಲಿ ಅದು ಎಲ್ಲ ಕಡೆ ಬಂತು. ಅಷ್ಟರಲ್ಲಿ ಅವಳು ಗ್ರಂಥಾಲಯಕ್ಕೆ ಮರಳಿದ್ದಳು. ಪುಟದಲ್ಲಿ ಆ ದಿನದ ಜಾಗ ಖಾಲಿ ಬಿಟ್ಟು ಅವಳು ಕಂಪ್ಯೂಟರ್ ಆರಿಸಿ ಮನೆಗೆ ಹೊರಟಳು.

ಮನೆಯ ಬಾಗಿಲು ಹಾರು ಹೊಡೆದಿತ್ತು. ಅಡುಗೆಮನೆಯಿಂದ ಠಣ್ ಠಣ್ ಎಂಬ ಸದ್ದು. ಅಮ್ಮ ಒಲೆಯ ರಬ್ಬರ್ ಕೊಳವೆ ಕಿತ್ತು ಎಸೆದು, ಕಬ್ಬಿಣದ ಸರಳಿನಿಂದ ಸಿಲಿಂಡರಿಗೆ ಬಡಿಯುತ್ತಿದ್ದರು. ಕೂದಲು ಕೆದರಿತ್ತು, ಅಂಗೈ ಒಡೆದು ಸರಳೆಲ್ಲ ರಕ್ತವಾಗಿತ್ತು.

"ಅಮ್ಮಾ!"

"ನನ್ನ ಮಗನ್ನ ತಿಂತಲ್ಲೇ ಇದು! ಇದನ್ನೇ ಮನೇಲಿಟ್ಕೊಂಡು ಬೇಯಿಸಿ ಹಾಕ್ತಿದ್ನಲ್ಲೇ ನಿಮಗೆ!" ಇನ್ನೊಂದು ಏಟು ಬಿತ್ತು. "ಬಾಂಬು ಅಂತ ನೀನು ಅಂದ್ಯಂತೆ ಅಂತ ಅವರಿವರು ಅಂದಾಗ ನಾನು ನಂಬ್ಲಿಲ್ಲ, ಸಿಲಿಂಡರು ಅಂದಾಗ್ಲೂ ನಂಬ್ಲಿಲ್ಲ. ನೀನು ಬಾಯಿ ಬಿಡ್ಲಿ ಅಂತ ಕಾದೆ. ಈಗ ಟೀವಿಯವರು ಹೇಳಿದ್ರು, ನೀನೇ ಬರ್ಕೊಟ್ಟೆ ಅಂತ. ಹೌದೇನೇ? ನೀನೇ ಹೇಳಿದ್ದಾ?"

ಎರಡಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಿಜ ಹೇಳಿದರೆ ಅಮ್ಮ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜೀವವಲ್ಲ, ಬೀದಿಗೆ ಹೋಗಿ ಕೂಗುವ ಜೀವ. ಬೀದಿಯಿಂದ ಆಸ್ಪತ್ರೆಗೆ ಬಹಳ ದೂರವಿರಲಿಲ್ಲ.

"ಹೌದಮ್ಮ. ನಾನೇ ಹೇಳಿದ್ದು."

"ನೀನು ಹೇಳಿದ್ಮೇಲೆ ಮುಗೀತು" ಎಂದರು ಅಮ್ಮ. "ನಂಗೆ ಎರಡು ಬೇಡ. ನೀನೊಬ್ಬಳು ಸಾಕು." ಸರಳನ್ನು ಬಿಸುಟು, ಸಿಲಿಂಡರಿನ ಕತ್ತು ಹಿಡಿದು ಜಗ್ಗತೊಡಗಿದರು. "ಹಿಡ್ಕೊ ಆ ಕಡೆ. ಇನ್ನೊಂದು ಗಳಿಗೆ ಇದು ಈ ಮನೇಲಿರಬಾರದು."

ಎರಡಕ್ಕ ಕೈಚೀಲ ಕೆಳಗಿಟ್ಟು, ಬಗ್ಗಿ ಆ ಕಡೆ ಹಿಡಿದುಕೊಂಡಳು. ತಾಯಿ ಮಗಳು ಸೇರಿ ಅದನ್ನು ಹೊಸ್ತಿಲು ದಾಟಿಸಿ ಅಂಗಳಕ್ಕೆ ಎಳೆದುಕೊಂಡು ಹೋದರು.